ಹಿಮದ ಇಳಿಜಾರಿಗೆ ಕಾಲಿಡುವ ಮುಂಚೆ ಅದರ ಹೊಟ್ಟೆಯಲ್ಲಿ ಏನಿದೆ ನೋಡಿ

ಹಿಮಕುಸಿತ ಅಂದರೆ ಎಲ್ಲೋ ಮೇಲಿಂದ ತಾನಾಗಿ ಉರುಳಿ ಬಂದು ಪಾಪದವರ ಮೇಲೆ ಬೀಳುವಂಥದ್ದು ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಹಾಗಲ್ಲ. ಸಾವಾದ ಕಡೆಗಳಲ್ಲಿ 10ರಲ್ಲಿ ಸುಮಾರು 9 ಸಲ ಆ ಹಿಮವನ್ನು ಕದಲಿಸಿದವರು ಸಿಕ್ಕಿಬಿದ್ದವರೇ, ಇಲ್ಲವೇ ಅವರ ಜೊತೆಯವರು. ಅಂದರೆ ಎಲ್ಲಿ ಕಾಲಿಡಬೇಕು ಅನ್ನುವುದು ಬಹುಪಾಲು ನಮ್ಮ ಕೈಯಲ್ಲೇ ಇದೆ.

ಹಿಮ ಒಂದೇ ಮುದ್ದೆಯಲ್ಲ. ಚಳಿಗಾಲದಲ್ಲಿ ಬಿದ್ದದ್ದೆಲ್ಲ ಪದರ ಪದರವಾಗಿ ಕೂತಿರುತ್ತದೆ. ಕೆಳಗೆ ಒಂದು ದುರ್ಬಲ ಪದರ, ಅದರ ಮೇಲೆ ಹಲಗೆಯ ಹಾಗೆ ಒಂದಕ್ಕೊಂದು ಅಂಟಿಕೊಂಡ ಹಿಮ, ಜೊತೆಗೆ ಕಡಿದಾದ ಇಳಿಜಾರು. ಈ ಮೂರೂ ಸೇರಿದ ಕಡೆ ಒಬ್ಬರ ಭಾರ ಸಾಕು, ಇಡೀ ಹಲಗೆ ಕಿತ್ತುಕೊಂಡು ಹೊರಡುತ್ತದೆ.

ಆ ದುರ್ಬಲ ಪದರ ಹುಟ್ಟುವುದು ಹೀಗೆ. ಹಿಮದ ಅಡಿಯ ನೆಲ ಹೆಚ್ಚುಕಡಿಮೆ 0 ಡಿಗ್ರಿಯಲ್ಲೇ ಇರುತ್ತದೆ, ಆದರೆ ಮೋಡವಿಲ್ಲದ ರಾತ್ರಿಗಳಲ್ಲಿ ಮೇಲ್ಭಾಗ ತುಂಬಾ ತಣ್ಣಗಾಗುತ್ತದೆ. ಹಿಮ ತೆಳ್ಳಗಿದ್ದು 10 ಸೆಂ.ಮೀ.ಗೆ 1 ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ, ಒಳಗಿನ ಆವಿ ಮೇಲೇರುತ್ತಾ ಹರಳುಗಳನ್ನು ಮೂಲೆ ಮೂಲೆಯಾಗಿ ಬೆಳೆಸುತ್ತದೆ, ಅವು ಒಂದಕ್ಕೊಂದು ಹಿಡಿದುಕೊಳ್ಳುವುದೇ ಇಲ್ಲ. ಗುಂಡಿ ತೋಡಿ ತಳದಿಂದ ಒಂದು ಹಿಡಿ ಕೈಗವಸಿನ ಮೇಲೆ ಹಾಕಿಕೊಂಡು ನೋಡಿ, ಒತ್ತಿದರೂ ಉಂಡೆಯಾಗದೆ ಸಕ್ಕರೆಯ ಹಾಗೆ ಬೆರಳ ಸಂದಿಯಿಂದ ಜಾರುತ್ತದೆ. ಇದು ಒಂದು ಸಲ ಹೂತುಹೋದರೆ ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ಹಾಗೇ ಇರುತ್ತದೆ.

ಗುಂಡಿಯನ್ನು ನೀವು ಹೋಗಬೇಕಾದ ಇಳಿಜಾರಿನ ದಿಕ್ಕು, ಎತ್ತರಕ್ಕೆ ಹೊಂದುವ, ಆದರೆ ಜಾರಿದರೂ ಅಪಾಯವಾಗದ ಚಿಕ್ಕ ಜಾಗದಲ್ಲಿ ತೋಡಿ. ಗೋಡೆಯನ್ನು ನೇರವಾಗಿ ಕತ್ತರಿಸಿ, ಮೇಲಿಂದ ಕೆಳಗೆ ಒತ್ತುತ್ತಾ ಬನ್ನಿ. ಮೊದಲು ಮುಷ್ಟಿ, ಅದು ಹೋಗದಿದ್ದರೆ ನಾಲ್ಕು ಬೆರಳು, ಆಮೇಲೆ ಒಂದು ಬೆರಳು, ಪೆನ್ಸಿಲ್, ಕೊನೆಗೆ ಚಾಕು. ಬೆರಳೂ ಹೋಗದ ಗಟ್ಟಿ ಪದರದ ಕೆಳಗೆ ಮುಷ್ಟಿ ಸಲೀಸಾಗಿ ಒಳಗೆ ಹೋಯಿತು ಅಂದರೆ ಅಲ್ಲೇ ಎಚ್ಚರವಾಗಿ. ಈಗ ಇಳಿಜಾರಿಗೆ ಅಡ್ಡಲಾಗಿ 90 ಸೆಂ.ಮೀ. ಅಗಲ, ಹಿಂದಕ್ಕೆ 30 ಸೆಂ.ಮೀ. ಇರುವ ಹಿಮದ ಕಂಬವನ್ನು ಸುತ್ತಲೂ ಕತ್ತರಿಸಿ ಬೇರ್ಪಡಿಸಿ. ಅದರ ಒಂದು ತುದಿಯ ಮೇಲೆ ಸಲಿಕೆಯ ಅಲಗು ಇಟ್ಟು, ಅದಕ್ಕೆ ಕೈಯಿಂದ ಮಣಿಕಟ್ಟು ಬಗ್ಗಿಸಿ 10 ಏಟು, ಮೊಣಕೈಯಿಂದ 10, ಭುಜದಿಂದ 10. ಬಿರುಕು ಕಾಣಿಸಿಕೊಂಡ ಏಟಿಗೋ ಅದರ ಮುಂದಿನದಕ್ಕೋ ಅದು ಕಂಬದ ಇನ್ನೊಂದು ತುದಿಯವರೆಗೂ ಓಡಿದರೆ ವಾಪಸ್ ಹೊರಡಿ. ಓಡದಿದ್ದರೆ? ಅದು ಒಪ್ಪಿಗೆಯಲ್ಲ. ನಾಲ್ಕು ಮೀಟರ್ ಆಚೆಗೆ ಹಿಮ ಬೇರೆಯೇ ಇರಬಹುದು.

ಅದಕ್ಕೇ ನನಗೆ ಗುಂಡಿಗಿಂತ ಇಳಿಜಾರಿನ ಕೋನದ ಮೇಲೆ ನಂಬಿಕೆ ಜಾಸ್ತಿ. ಈ ಹಲಗೆಗಳು ಹೆಚ್ಚಾಗಿ ಜಾರುವುದು 30ರಿಂದ 45 ಡಿಗ್ರಿಯ ನಡುವೆ. ಕೋಲನ್ನು ಹಿಮದ ಮೇಲೆ ಮಲಗಿಸಿ, ಅದರ ಮೇಲೆ ಫೋನ್ ಇಟ್ಟು ಕೋನ ಅಳೆಯುವ ಆ್ಯಪ್‌ನಲ್ಲಿ ಓದಿ, ಕಣ್ಣಳತೆ ನಂಬಬೇಡಿ. 30ಕ್ಕಿಂತ ಕಡಿಮೆ ಇದ್ದು, ತಲೆಯ ಮೇಲೂ ಕಡಿದಾದದ್ದು ಏನೂ ಇಲ್ಲ ಅಂದರೆ ನೆಮ್ಮದಿ. ತಲೆಯ ಮೇಲೆ ಕಡಿದಾದ ಇಳಿಜಾರು ಇದ್ದರೆ, ಬುಡದಲ್ಲಿ ಸುಮ್ಮನೆ ನಡೆದರೂ ಅದನ್ನು ಮೈಮೇಲೆ ಎಳೆದುಕೊಂಡ ಹಾಗಾಗಬಹುದು.

ಹೊರಡುವ ಮುಂಚೆ ಆ ಪ್ರದೇಶದ ಹಿಮಕುಸಿತ ಮುನ್ಸೂಚನೆ ಓದಿ. ಅಪಾಯಕ್ಕೆ 5 ಮಟ್ಟಗಳಿವೆ. 3 ಅಂದರೆ ನಡುವಿನದು, ಪರವಾಗಿಲ್ಲ ಅಂದುಕೊಂಡು ಹೋಗುವವರೇ ಜಾಸ್ತಿ, ಸಾವುಗಳೂ ಆ ಮಟ್ಟದಲ್ಲೇ ತುಂಬಾ ಆಗುತ್ತವೆ. ದಯವಿಟ್ಟು 3 ಅನ್ನುವುದನ್ನು ಸುಮ್ನೆ ದಾಟಿಬಿಡಬೇಡಿ.

ದಾರಿಯಲ್ಲಿ ಕಿವಿ ತೆರೆದಿರಲಿ. ಕಾಲ ಕೆಳಗೆ 'ಧುಮ್' ಅಂತ ಹಿಮ ಕುಸಿದ ಸದ್ದು, ಹೆಜ್ಜೆಯಿಂದ ಸರ್ರನೆ ಓಡುವ ಬಿರುಕು, ಅಕ್ಕಪಕ್ಕ ಹೊಸದಾಗಿ ಜಾರಿದ ಗುರುತು, ಇವುಗಳಲ್ಲಿ ಒಂದು ಸಿಕ್ಕರೂ ಯಾವ ಪರೀಕ್ಷೆಯೂ ಬೇಡ, ಬೆಟ್ಟವೇ ಹೇಳಿಬಿಟ್ಟಿದೆ ಅಲ್ವಾ? ಈಗಷ್ಟೇ ಬಿದ್ದ ದಪ್ಪ ಹಿಮ, ಗಾಳಿ ತಂದು ಪೇರಿಸಿದ ರಾಶಿ, ಇದ್ದಕ್ಕಿದ್ದಂತೆ ಏರಿದ ಬಿಸಿಲು ಕೂಡ ಅಷ್ಟೇ.

ಅನುಮಾನದ ಜಾಗವನ್ನು ಒಬ್ಬೊಬ್ಬರಾಗಿ ದಾಟಿ, ಉಳಿದವರು ಸುರಕ್ಷಿತ ಜಾಗದಿಂದ ಕಣ್ಣು ಕೀಳದೆ ನೋಡುತ್ತಿರಲಿ. ಪ್ರತಿಯೊಬ್ಬರ ಬಳಿಯೂ ಬೀಕನ್ (ಹೂತುಹೋದವರನ್ನು ಹುಡುಕಲು ರೇಡಿಯೊ ಸಂಕೇತ ಕಳಿಸುವ, ಹಿಡಿಯುವ ಚಿಕ್ಕ ಸಾಧನ), ಪ್ರೋಬ್ ಕಡ್ಡಿ (ಹಿಮದೊಳಗೆ ಚುಚ್ಚಿ ಹುಡುಕುವ ಉದ್ದ ಕಡ್ಡಿ), ಸಲಿಕೆ ಇರಲೇಬೇಕು. ಫೋನನ್ನು ಬೀಕನ್‌ನಿಂದ ದೂರ ಇಡಿ, ಹುಡುಕುವಾಗ ಕನಿಷ್ಠ 50 ಸೆಂ.ಮೀ. ಯಾರಾದರೂ ಹೂತುಹೋದರೆ ಮೊದಲ 10–15 ನಿಮಿಷವೇ ಎಲ್ಲ, ಸಹಾಯ ತಂಡ ಬರುವವರೆಗೆ ಕಾಯುವಂತಿಲ್ಲ. ಪ್ರೋಬ್ ತಾಗಿದ ಮೇಲೆ ಅದನ್ನು ಕೀಳಬೇಡಿ. ಅದರ ಬುಡದಲ್ಲೇ ನೇರ ತೋಡದೆ, ಸ್ವಲ್ಪ ಇಳಿಜಾರಿನ ಕೆಳಗಿಂದ ಶುರುಮಾಡಿ ಅಡ್ಡಕ್ಕೆ ಒಳಗೆ ಹೋಗಿ. ಮುಖ ಸಿಕ್ಕ ಕೂಡಲೇ ಬಾಯಿ, ಮೂಗಿನ ಹಿಮ ತೆಗೆದು ಉಸಿರು ನೋಡಿ, ಎದೆಯ ಮೇಲಿನ ಭಾರ ಇಳಿಸಿ, ಕೈಕಾಲು ಬಿಡಿಸುವುದು ಆಮೇಲೆ.