ಬಸಿರಿಗೆ ಮುಂಚಿನ ಕೆಲಸವೇ ಹೆಚ್ಚು

ಕಿಡ್ನಿ ಕಸಿ ಮಾಡಿಸಿಕೊಂಡ ಹೆಣ್ಣುಮಕ್ಕಳು ನನ್ನನ್ನು ಕೇಳುವುದೆಲ್ಲ ಒಂಬತ್ತು ತಿಂಗಳ ಬಗ್ಗೆ. ನಾನು ಹೇಳುವುದು ಅದಕ್ಕೂ ಹಿಂದಿನ ವರ್ಷದ ಬಗ್ಗೆ.

ಡಯಾಲಿಸಿಸ್ ಕಾಲದಲ್ಲಿ ನನಗೆ ಮುಟ್ಟು ನಿಂತೇ ಹೋಗಿತ್ತು. ಅಮ್ಮ ಕೊಟ್ಟ ಕಿಡ್ನಿ ಕೆಲಸಕ್ಕೆ ಹತ್ತಿದ ಕೆಲವೇ ತಿಂಗಳಲ್ಲಿ ಮರಳಿ ಬಂತು. ಆಗ ನೆಫ್ರಾಲಜಿ (ಕಿಡ್ನಿ) ವೈದ್ಯರು ಮೊದಲು ಎತ್ತಿದ್ದು ಗರ್ಭನಿರೋಧಕದ ಮಾತು. ಮಗು ಬೇಕೆಂದು ಹಂಬಲಿಸುತ್ತಿದ್ದವಳಿಗೆ ಸಿಟ್ಟೇ ಬಂತು. ಕಾರಣ ಕೇಳಿದ ಮೇಲೆ ಸುಮ್ಮನಾದೆ. ಹೊಸ ಕಿಡ್ನಿಯ ಮೇಲೆ ದೇಹ ತಿರುಗಿಬೀಳದಂತೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸಲು ಕಸಿಯಾದವರಲ್ಲಿ ಬಹಳಷ್ಟು ಜನ ನುಂಗುವ ಮೈಕೋಫಿನೊಲೇಟ್ ಮಾತ್ರೆ ಗರ್ಭಪಾತಕ್ಕೂ, ಮಗುವಿನ ಕಿವಿ, ತುಟಿ, ಅಂಗುಳಿನ ದೋಷಗಳಿಗೂ ದಾರಿ ಮಾಡಬಲ್ಲದು. ಗರ್ಭ ನಿಲ್ಲುವುದಕ್ಕೆ ಕನಿಷ್ಠ ಆರು ವಾರ ಮೊದಲೇ ಅದನ್ನು ಬಿಟ್ಟಿರಬೇಕು. ಅದರ ಜಾಗಕ್ಕೆ ನನಗೆ ಅಜಥಯೋಪ್ರಿನ್ ಬಂತು. ಬಿಪಿಗೆ ತೆಗೆದುಕೊಳ್ಳುತ್ತಿದ್ದ ಲೊಸಾರ್ಟನ್ ಕೂಡ ಬದಲಾಯಿತು. ಹೊಸ ಮಾತ್ರೆಗೆ ಕಿಡ್ನಿ ಹೊಂದಿಕೊಂಡಿತೇ ಎಂದು ನೋಡಲು ಮತ್ತೆ ಕೆಲವು ತಿಂಗಳು ಕಾಯಿಸಿದರು. ಮಾತ್ರೆಯನ್ನು ತಾವೇ ನಿಲ್ಲಿಸುವ ಧೈರ್ಯ ಯಾರೂ ಮಾಡಬೇಡಿ. ರಿಜೆಕ್ಷನ್, ಅಂದರೆ ದೇಹ ಕಸಿ ಕಿಡ್ನಿಯನ್ನು ತಿರಸ್ಕರಿಸುವುದು, ಹೇಳಿ ಕೇಳಿ ಬರುವುದಿಲ್ಲ.

ಉಳಿದ ಷರತ್ತುಗಳು ಸರಳ. ಕಸಿಯಾಗಿ ಕನಿಷ್ಠ ಒಂದು ವರ್ಷ ಕಳೆದಿರಬೇಕು, ಈಚೆಗೆ ರಿಜೆಕ್ಷನ್ ಆಗಿರಬಾರದು, ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತಿದೆ ಎಂದು ರಕ್ತದಲ್ಲಿ ತೋರಿಸುವ ಕ್ರಿಯಾಟಿನಿನ್ 1.5ರ ಒಳಗೆ ಸ್ಥಿರವಾಗಿರಬೇಕು, ಮೂತ್ರದಲ್ಲಿ ಹೋಗುವ ಪ್ರೋಟೀನ್ ದಿನಕ್ಕೆ 500 ಮಿಲಿಗ್ರಾಂ ದಾಟಬಾರದು. ನನ್ನ ಕ್ರಿಯಾಟಿನಿನ್ 1.1ರ ಆಸುಪಾಸಿನಲ್ಲಿತ್ತು.

ಒಪ್ಪದೆ ಉಳಿದವಳು ಅಮ್ಮ. "ಇದೂ ಹೋದರೆ ಕೊಡಲು ನನ್ನ ಹತ್ತಿರ ಇನ್ನೊಂದಿಲ್ಲ" ಎಂದಳು. ವೈದ್ಯರು ಅವಳನ್ನೇ ಕರೆಸಿ ಮಾತನಾಡಿದರು. ಕಸಿ ಕಿಡ್ನಿ ಚೆನ್ನಾಗಿದ್ದಾಗ ಬಸಿರು ಅದರ ಆಯುಸ್ಸನ್ನು ಸಾಮಾನ್ಯವಾಗಿ ಕಡಿಮೆ ಮಾಡುವುದಿಲ್ಲ, ಆದರೆ ಬಿಪಿ ಏರುವುದು, ದಿನ ತುಂಬುವ ಮುಂಚೆ ಹೆರಿಗೆಯಾಗುವುದು ಹೆಚ್ಚು ಎಂದು ಎರಡೂ ಬದಿಯನ್ನು ಬಿಚ್ಚಿಟ್ಟರು. ಅಮೆರಿಕದ ಈಡಿತ್ ಹೆಲ್ಮ್ ಎಂಬಾಕೆ 1956ರಲ್ಲಿ ತನ್ನ ಅವಳಿ ಸಹೋದರಿಯ ಕಿಡ್ನಿ ಪಡೆದು 1958ರಲ್ಲಿ ಮಗು ಹೆತ್ತ ಕಥೆಯನ್ನೂ ಹೇಳಿದರು. ತದ್ರೂಪಿ ಅವಳಿಗಳಾದ್ದರಿಂದ ಆಕೆಗೆ ನಮ್ಮ ಹಾಗೆ ಮಾತ್ರೆಗಳ ಹಂಗಿರಲಿಲ್ಲ ಎಂಬುದನ್ನು ಅಮ್ಮನಿಗೆ ನಾನು ಬಿಡಿಸಿ ಹೇಳಲು ಹೋಗಲಿಲ್ಲ.

ಗರ್ಭ ನಿಂತ ಮೇಲೆ ನನ್ನನ್ನು ಹೆಚ್ಚು ಓಡಾಡಿಸಿದ್ದು ರಿಜೆಕ್ಷನ್ ತಡೆಯುವ ಇನ್ನೊಂದು ಮಾತ್ರೆ, ಟ್ಯಾಕ್ರೊಲಿಮಸ್. ಬಸಿರಿನಲ್ಲಿ ದೇಹ ಈ ಔಷಧವನ್ನು ಬೇಗ ಖರ್ಚು ಮಾಡುವುದರಿಂದ ರಕ್ತದಲ್ಲಿ ಅದರ ಮಟ್ಟ ಇಳಿಯುತ್ತಾ ಹೋಗುತ್ತದೆ, ಡೋಸ್ ಏರಿಸುತ್ತಾ ಹೋಗಬೇಕು. ಪರೀಕ್ಷೆಗೆ ರಕ್ತ ಕೊಡಬೇಕಾದದ್ದು ಬೆಳಗಿನ ಮಾತ್ರೆಗೆ ಮುಂಚೆ, ರಾತ್ರಿಯ ಮಾತ್ರೆ ನುಂಗಿ ಹನ್ನೆರಡು ಗಂಟೆಯಾದಾಗ. ಹಾಗಾಗಿ ಮಾತ್ರೆಯನ್ನು ಪರ್ಸಿನಲ್ಲಿಟ್ಟುಕೊಂಡು ಲ್ಯಾಬಿಗೆ ಹೋಗಿ, ಸೂಜಿ ತೆಗೆದ ತಕ್ಷಣ ಅಲ್ಲೇ ಬೆಂಚಿನ ಮೇಲೆ ಕುಳಿತು ನುಂಗುತ್ತಿದ್ದೆ. ವಾಂತಿಯ ದಿನಗಳಲ್ಲಿ ಇದೇ ದೊಡ್ಡ ತಲೆನೋವು. ಮಾತ್ರೆ ಹೊರಗೆ ಬಂದರೆ ಏನು ಮಾಡಬೇಕೆಂದು ವೈದ್ಯರಿಂದ ಮೊದಲೇ ಬರೆಸಿಕೊಂಡಿದ್ದೆ, ನೀವೂ ಬರೆಸಿಕೊಳ್ಳಿ.

ಹಣ್ಣಿನ ವಿಷಯದಲ್ಲಿ ಮನೆಯಲ್ಲಿ ತಮಾಷೆಯೇ ನಡೆಯಿತು. ಹಿರಿಯರು ಪಪ್ಪಾಯಿ, ಅನಾನಸ್ ಮುಟ್ಟಗೊಡಲಿಲ್ಲ. ವೈದ್ಯರು ಬೇಡವೆಂದದ್ದು ಚಕ್ಕೋತ. ಅದು ಟ್ಯಾಕ್ರೊಲಿಮಸ್ ಮಟ್ಟವನ್ನು ಏರಿಸುತ್ತದೆ. ಬಸುರಿಗೆಂದು ದೇವನಹಳ್ಳಿಯಿಂದ ಒಂದು ಚೀಲ ಚಕ್ಕೋತ ಹೊತ್ತು ತಂದ ಅತ್ತೆಗೆ ಇದನ್ನು ನಂಬಿಸುವುದರಲ್ಲಿ ಸಾಕುಸಾಕಾಯಿತು. ಸೀಮಂತದ ದಿನ ಸೋಂಕಿನ ಭಯಕ್ಕೆ ನಾನು ಮಾಸ್ಕ್ ತೆಗೆಯಲಿಲ್ಲ. ಫೋಟೊ ಕೆಟ್ಟಿತೆಂದು ಗೊಣಗಿದವರು ಗೊಣಗಿಕೊಂಡರು.

ಹನ್ನೆರಡನೆಯ ವಾರದಿಂದ ಕಡಿಮೆ ಡೋಸಿನ ಆಸ್ಪಿರಿನ್, ಸೋಂಕು ಇದೆಯೇ ಎಂದು ನೋಡಲು ಆಗಾಗ ಮೂತ್ರದ ಕಲ್ಚರ್, ಸಕ್ಕರೆ ಪರೀಕ್ಷೆ, ಮನೆಯಲ್ಲಿ ಬೆಳಿಗ್ಗೆ ಸಂಜೆ ಬಿಪಿ. ಕೊನೆಗೆ ಕೈಕೊಟ್ಟದ್ದು ಬಿಪಿಯೇ. ಬಿಪಿ ಮಾತ್ರೆ ಲ್ಯಾಬೆಟಲಾಲ್ ಹೆಚ್ಚಿಸಿದರೂ ಇಳಿಯಲಿಲ್ಲ, ಮೂತ್ರದಲ್ಲಿ ಪ್ರೋಟೀನ್ ಏರಿತು, ಮೂವತ್ತಾರನೆಯ ವಾರದಲ್ಲಿ ಹೆರಿಗೆ ಮಾಡಿಸಲು ನಿರ್ಧರಿಸಿದರು. ಕಸಿ ಕಿಡ್ನಿ ಕಿಬ್ಬೊಟ್ಟೆಯ ಬದಿಯಲ್ಲಿರುವುದರಿಂದ ಸಹಜ ಹೆರಿಗೆಗೆ ಸಾಮಾನ್ಯವಾಗಿ ಅಡ್ಡಬರುವುದಿಲ್ಲ; ನನಗೆ ಸಿಸೇರಿಯನ್ ಆದದ್ದು ಬಿಪಿಯ ಕಾರಣಕ್ಕೆ. ಹೊಸ ಮೂತ್ರನಾಳ ಎಲ್ಲಿ ಹಾದುಹೋಗಿದೆ ಎಂದು ತಿಳಿಯಲು ಪ್ರಸೂತಿ ವೈದ್ಯೆ ಹಿಂದಿನ ಶಸ್ತ್ರಚಿಕಿತ್ಸೆಯ ಟಿಪ್ಪಣಿಯನ್ನು ತರಿಸಿ ಓದಿದರು. ಆ ಕಾಗದದ ನಕಲು ನಿಮ್ಮ ಕಡತದಲ್ಲಿ ಇರಲೇಬೇಕು. ವರ್ಷಗಟ್ಟಲೆ ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್ ನುಂಗಿದವರಿಗೆ ಆ ಹೊತ್ತಿನಲ್ಲಿ ಹೆಚ್ಚಿನ ಸ್ಟೆರಾಯ್ಡ್ ಬೇಕಾಗಬಹುದು; ನನಗೆ ಹೈಡ್ರೊಕಾರ್ಟಿಸೋನ್ ಕೊಟ್ಟರು.

ಮಗಳು ಎರಡೂಕಾಲು ಕಿಲೋ ಇದ್ದಳು. ಹಾಲು ಕೊಡಬಹುದೇ ಎಂಬುದಕ್ಕೆ ವಾರ್ಡಿನಲ್ಲಿ ತಲೆಗೊಂದು ಮಾತು. ಟ್ಯಾಕ್ರೊಲಿಮಸ್, ಅಜಥಯೋಪ್ರಿನ್, ಪ್ರೆಡ್ನಿಸೊಲೋನ್ ಮೂರೂ ಎದೆಹಾಲಿಗೆ ಹೋಗುವುದು ಅತ್ಯಲ್ಪ ಎಂದು ನೆಫ್ರಾಲಜಿ ಮತ್ತು ಮಕ್ಕಳ ವೈದ್ಯರು ಕೂಡಿ ಒಪ್ಪಿದ ಮೇಲೆ ಕುಡಿಸಿದೆ. ಹೆರಿಗೆಯಾಗುತ್ತಲೇ ಟ್ಯಾಕ್ರೊಲಿಮಸ್ ಮಟ್ಟ ಮೇಲೇರತೊಡಗುತ್ತದೆ, ಬಸಿರಿನಲ್ಲಿ ಏರಿಸಿದ ಡೋಸನ್ನು ಮತ್ತೆ ಇಳಿಸಬೇಕು. ಆದ್ದರಿಂದ ಬಾಣಂತನದಲ್ಲೂ ಲ್ಯಾಬಿನ ಬೆಂಚು ತಪ್ಪಲಿಲ್ಲ. ಈಗ ಮಗಳು ಹಾಲು ಬಿಟ್ಟಿದ್ದಾಳೆ, ಕ್ರಿಯಾಟಿನಿನ್ 1.2. ಮೈಕೋಫಿನೊಲೇಟ್ ಮತ್ತೆ ಶುರುವಾಗಿದೆ, ಅದರ ಜೊತೆಗೆ ಗರ್ಭನಿರೋಧಕವೂ.