ಇಸಿಸಿಯಿಂದ ಎಸ್/4ಹನಾಗೆ: ನಾನು ಕಲಿತ ದಾರಿ, ಕಲಿಸುವ ದಾರಿ

ಕಂಪನಿಗಳ ಖರೀದಿ, ದಾಸ್ತಾನು, ಲೆಕ್ಕಪತ್ರ ಎಲ್ಲವನ್ನೂ ಒಂದೇ ಕಡೆ ನಡೆಸುವ ಎಸ್‌ಎಪಿ ಸಾಫ್ಟ್‌ವೇರ್‌ನಲ್ಲಿ ನಾನು ಖರೀದಿ ಮತ್ತು ದಾಸ್ತಾನಿನ ಭಾಗ ನೋಡಿಕೊಳ್ಳುವ ಕನ್ಸಲ್ಟೆಂಟ್. ಎಂಎಂ ಮಾಡ್ಯೂಲ್ ಅಂತಾರಲ್ಲ, ಅದು. ವೃತ್ತಿಯ ಮೊದಲ ವರ್ಷಗಳೆಲ್ಲ ಅದರ ಹಳೆಯ ಪೀಳಿಗೆಯಾದ ಇಸಿಸಿಯಲ್ಲೇ ಕಳೆದವು. 2015ರಲ್ಲಿ ಹೊಸ ಪೀಳಿಗೆಯ ಎಸ್/4ಹನಾ ಬಂದಾಗ ಸುತ್ತಮುತ್ತ ಯಾರಿಗೂ ಅಂಥ ಅವಸರ ಇರಲಿಲ್ಲ. 2020ರಲ್ಲಿ ಎಸ್‌ಎಪಿ ಕಂಪನಿ ಹಳೆಯದರ ಗಡುವನ್ನು ಪಕ್ಕಾ ಮಾಡಿತು. ಇಸಿಸಿಯ ಹೊಸ ಆವೃತ್ತಿಗಳಿಗೆ ಮಾಮೂಲಿ ಬೆಂಬಲ 2027ರ ಕೊನೆಯವರೆಗೆ, ಹೆಚ್ಚುವರಿ ಹಣ ಕೊಡುವವರಿಗೆ 2030ರವರೆಗೆ. ಅಲ್ಲಿಂದಾಚೆ ನಮ್ಮ ಕ್ಷೇತ್ರದ ಮಾತೆಲ್ಲ ವಲಸೆಯದ್ದೇ ಆಯಿತು.

ಏನೇನು ಬದಲಾಗಿದೆ ಅಂತ ಹೇಳುವ ಪಟ್ಟಿಯನ್ನು ಎಸ್‌ಎಪಿಯೇ ಕೊಡುತ್ತದೆ. ಅದು ನೂರಾರು ಪುಟಗಳ ದಾಖಲೆ. ಮೊದಲಿಂದ ಕೊನೆವರೆಗೆ ಓದಿ ನೆನಪಿಟ್ಟುಕೊಳ್ಳುವ ಗೋಜಿಗೆ ನಾನು ಹೋಗಲಿಲ್ಲ. ಅದರ ಬದಲು ಒಂದೇ ಒಂದು ಖರೀದಿಯನ್ನು ತೆಗೆದುಕೊಂಡೆ. ಅದೇ ಐಟಂ, ಅದೇ ಪ್ರಮಾಣ, ಅದೇ ಬೆಲೆ. ಅದನ್ನು ಎರಡೂ ಸಿಸ್ಟಂಗಳಲ್ಲಿ ಪಿಒದಿಂದ, ಅಂದರೆ ಖರೀದಿ ಆದೇಶದಿಂದ, ಪಾವತಿಯವರೆಗೆ ನಡೆಸಿ, ಪ್ರತಿ ಹೆಜ್ಜೆಯಲ್ಲೂ ನಿಂತು ಡೇಟಾ ಕೂರುವ ಟೇಬಲ್ ತೆರೆದು ನೋಡಿದೆ.

ಮಾಲು ಬಂತು, ಮಾಲು ದಾಖಲಿಸುವ ಮಿಗೋ ಪರದೆಯಲ್ಲಿ 101 (ಮಾಲು ಬಂತು ಅನ್ನುವ ಕೋಡ್) ಹಾಕಿದೆ. ಇಸಿಸಿಯಲ್ಲಿ ಇದು ಎಂಕೆಪಿಎಫ್ ಮತ್ತು ಎಂಎಸ್‌ಇಜಿ ಅನ್ನುವ ಎರಡು ಟೇಬಲ್‌ಗಳಲ್ಲಿ ಕೂರುತ್ತಿತ್ತು. ದಾಸ್ತಾನಿನ ಒಟ್ಟು ಮೊತ್ತ ಇನ್ನೊಂದು ಟೇಬಲ್‌ನಲ್ಲಿ ಬೇರೆಯಾಗಿ ತಿದ್ದುಪಡಿ ಆಗುತ್ತಿತ್ತು. ಎಸ್/4ಹನಾದಲ್ಲಿ ಮ್ಯಾಟ್‌ಡಾಕ್ ಅನ್ನುವ ಒಂದೇ ಟೇಬಲ್. ಒಟ್ಟು ಮೊತ್ತವನ್ನು ಎಲ್ಲೂ ಬರೆದಿಡುವುದಿಲ್ಲ, ಕೇಳಿದಾಗ ಕೂಡಿ ಹೇಳುತ್ತದೆ. ಹನಾ ಡೇಟಾಬೇಸ್ ಎಲ್ಲವನ್ನೂ ಮೆಮೊರಿಯಲ್ಲೇ, ಕಾಲಂ ಲೆಕ್ಕದಲ್ಲಿ ಇಟ್ಟುಕೊಳ್ಳುವುದರಿಂದ ಲಕ್ಷಾಂತರ ಸಾಲುಗಳನ್ನು ಕೂಡುವುದು ಅದಕ್ಕೆ ಹೊರೆಯಲ್ಲ. ಇದೊಂದು ಕಾರಣ ಅರ್ಥವಾದ ಮೇಲೆ ಉಳಿದ ಎಷ್ಟೋ ಬದಲಾವಣೆಗಳು ತಾವಾಗಿಯೇ ಬಿಡಿಸಿಕೊಂಡವು. ಒಟ್ಟು ಮೊತ್ತದ ಟೇಬಲ್‌ಗಳು, ಇಂಡೆಕ್ಸ್ ಟೇಬಲ್‌ಗಳು ಯಾಕೆ ಹೋದವು ಅಂತ ಮತ್ತೆ ಯಾರನ್ನೂ ಕೇಳಬೇಕಾಗಲಿಲ್ಲ.

ಇನ್ನೊಂದು ಸಲ, ದಾಸ್ತಾನಿಗೆ ಹೋಗದೆ ನೇರವಾಗಿ ಕಾಸ್ಟ್ ಸೆಂಟರ್‌ಗೆ, ಅಂದರೆ ಒಂದು ವಿಭಾಗದ ವೆಚ್ಚದ ಲೆಕ್ಕಕ್ಕೆ, ಬೀಳುವ ಖರೀದಿ ಮಾಡಿ ನೋಡಿದೆ. ಇಸಿಸಿಯಲ್ಲಿ ಹಣಕಾಸಿನ ಸಾಲು ಒಂದು ಕಡೆ, ವೆಚ್ಚದ ಸಾಲು ಇನ್ನೊಂದು ಕಡೆ. ತಿಂಗಳ ಕೊನೆಗೆ ಎರಡನ್ನೂ ತಾಳೆ ನೋಡುವುದೇ ಅಕೌಂಟ್ಸ್‌ನವರಿಗೆ ದೊಡ್ಡ ಕೆಲಸ. ಇಲ್ಲಿ ಎಸಿಡಿಒಸಿಎ ಟೇಬಲ್‌ನ ಒಂದೇ ಸಾಲಿನಲ್ಲಿ ಖಾತೆ, ಕಾಸ್ಟ್ ಸೆಂಟರ್, ಪ್ರಾಫಿಟ್ ಸೆಂಟರ್ ಎಲ್ಲವೂ ಇತ್ತು. ಆ ಸಾಲನ್ನು ಎಡದಿಂದ ಬಲಕ್ಕೆ ಓದುತ್ತಾ ಹೋದದ್ದು ನನಗೆ ಈಗಲೂ ಖುಷಿ ಕೊಡುವ ನೆನಪು.

ಆದರೆ ಒಂದು ವಿಷಯ ಎರಡೂ ಕಡೆ ಒಂದಿಷ್ಟೂ ಬದಲಾಗಿರಲಿಲ್ಲ. ಮಾಲು ಬಂದಾಗ ದಾಸ್ತಾನು ಡೆಬಿಟ್, ಜಿಆರ್‌ಐಆರ್ (ಮಾಲಿಗೂ ಬಿಲ್ಲಿಗೂ ನಡುವಿನ ತಾತ್ಕಾಲಿಕ ಖಾತೆ) ಕ್ರೆಡಿಟ್. ಬಿಲ್ ಬಂದಾಗ ಜಿಆರ್‌ಐಆರ್ ಡೆಬಿಟ್, ವೆಂಡರ್ ಕ್ರೆಡಿಟ್. ವೆಂಡರ್ ಮಾಸ್ಟರ್ ಹೋಗಿ ಬಿಸಿನೆಸ್ ಪಾರ್ಟ್‌ನರ್ ಬಂತು, ವೆಂಡರ್ ಸೇರಿಸುವ ಹಳೆಯ ಎಕ್ಸ್‌ಕೆ01 ಒತ್ತಿದರೆ ಬಿಪಿ ಪರದೆಗೇ ಕರೆದೊಯ್ಯುತ್ತದೆ, ಮೆಟೀರಿಯಲ್ ನಂಬರ್ 18 ಅಕ್ಷರದಿಂದ 40ಕ್ಕೆ ಬೆಳೆಯಿತು. ಜರ್ನಲ್ ಎಂಟ್ರಿ ಮಾತ್ರ ಅದೇ. ಹಾಗಾಗಿ ಕಿರಿಯರು ಏನು ಓದಲಿ ಅಂತ ಕೇಳಿದರೆ ಮೊದಲು ಲೆಕ್ಕಪತ್ರ ಕಲಿಯಿರಿ ಅನ್ನುತ್ತೇನೆ.

ಕನ್ಸಲ್ಟಿಂಗ್ ಕೆಲಸ ಬದಲಾಗಿರುವುದು ಸಾಫ್ಟ್‌ವೇರ್‌ಗಿಂತ ಜಾಸ್ತಿ. ಮೊದಲು ಬ್ಲೂಪ್ರಿಂಟ್ ಬರೆಯುತ್ತಿದ್ದೆವು. ಗ್ರಾಹಕರು ಕೇಳಿದ್ದನ್ನೆಲ್ಲ ಬರೆದುಕೊಂಡು ಅದರಂತೆ ಕಟ್ಟಿಕೊಡುವುದು. ಎಸ್‌ಎಪಿಯ ಈಗಿನ ಆಕ್ಟಿವೇಟ್ ವಿಧಾನದಲ್ಲಿ, ಸಿದ್ಧವಾಗಿ ಬರುವ ಸ್ಟ್ಯಾಂಡರ್ಡ್ ಹೇಗಿದೆಯೋ ಹಾಗೇ ಓಡಿಸಿ ತೋರಿಸುತ್ತೇವೆ, ಯಾವುದು ಹೊಂದುವುದಿಲ್ಲ ಅಂತ ಆಮೇಲೆ ಕೇಳುತ್ತೇವೆ. ಇದಕ್ಕೆ ಬೇರೆಯದೇ ತಯಾರಿ ಬೇಕು. ನಾನು ವರ್ಕ್‌ಶಾಪ್‌ಗೆ ಮುಂಚೆ ಹಳೆಯ ಸಿಸ್ಟಂನಲ್ಲಿ ಬಳಕೆಯ ಅಂಕಿಅಂಶ ಕೊಡುವ ಎಸ್‌ಟಿ03ಎನ್ ತೆಗೆದು, ಯಾವ ಝಡ್ ಪ್ರೋಗ್ರಾಂಗಳು (ಆಯಾ ಗ್ರಾಹಕರಿಗಾಗಿಯೇ ಬರೆದವು) ನಿಜವಾಗಿ ಓಡುತ್ತಿವೆ ಅಂತ ನೋಡಿಟ್ಟುಕೊಳ್ಳುತ್ತೇನೆ. ಒಂದು ಎಚ್ಚರಿಕೆ: ಅಲ್ಲಿ ಸಿಗುವುದು ಸಾಮಾನ್ಯವಾಗಿ ಕೆಲವು ತಿಂಗಳ ಮಾಹಿತಿ. ವರ್ಷಕ್ಕೊಮ್ಮೆ ಓಡುವ ರಿಪೋರ್ಟ್ ಅದರಲ್ಲಿ ಕಾಣದೇ ಇರಬಹುದು. ಬಳಕೆಯಲ್ಲಿಲ್ಲ ಅಂತ ಸುಮ್ನೆ ಅಳಿಸಿಬಿಡಬಾರದು, ವಿಭಾಗದವರನ್ನು ಕೇಳಲೇಬೇಕು.

ಕೇಳುವ ರೀತಿಯಲ್ಲೇ ಅರ್ಧ ಕೆಲಸ ಇದೆ. ಒಂದು ವರ್ಕ್‌ಶಾಪ್‌ನಲ್ಲಿ ಸ್ಟೋರ್ಸ್ ನೋಡಿಕೊಳ್ಳುವವರು, "ಸರ್, ಈ ರಿಪೋರ್ಟ್ ಒಂದು ಇಲ್ಲ ಅಂದ್ರೆ ನಮ್ಮ ಕೆಲಸ ನಡೆಯೋದೇ ಇಲ್ಲ" ಅಂದರು. ಬಹಳ ಕಾಲಂಗಳಿದ್ದ ಝಡ್ ರಿಪೋರ್ಟ್ ಅದು. ಅದು ಯಾಕೆ ಬೇಕು ಅಂತ ಕೇಳಿದ್ದರೆ ಅವರು ಸಮರ್ಥನೆಗೆ ಇಳಿಯುತ್ತಿದ್ದರು. ನಾನು, "ರಿಪೋರ್ಟ್ ಬಂದ ಮೇಲೆ ನೀವು ಏನು ಮಾಡ್ತೀರಿ, ಒಂದ್ಸಲ ಮಾಡಿ ತೋರಿಸ್ತೀರಾ?" ಅಂದೆ. ಅವರು ಎಕ್ಸೆಲ್‌ಗೆ ಇಳಿಸಿದರು. ನಾಲ್ಕು ಕಾಲಂ ಬಿಟ್ಟು ಉಳಿದದ್ದನ್ನೆಲ್ಲ ಅಳಿಸಿದರು. ಬಿಲ್ ಬರದ ಸಾಲುಗಳಿಗೆ ಹಳದಿ ಬಣ್ಣ ಹಚ್ಚಿದರು. "ಇಷ್ಟನ್ನು ಪರ್ಚೇಸ್‌ನವರಿಗೆ ಮೇಲ್ ಮಾಡ್ತೀನಿ" ಅಂದರು. ಅವರಿಗೆ ಬೇಕಿದ್ದದ್ದು ಮಾಲು ಬಂದು ಬಿಲ್ ಬರದ ಪಿಒಗಳ ಪಟ್ಟಿ ಅಷ್ಟೇ. ಅದು ಎಂಬಿ5ಎಸ್ ಅನ್ನುವ ಸ್ಟ್ಯಾಂಡರ್ಡ್ ರಿಪೋರ್ಟ್‌ನಲ್ಲಿ ಮೊದಲಿಂದಲೂ ಇದೆ. ಜಿಆರ್‌ಐಆರ್ ತಾಳೆ ನೋಡುವ ಫಿಯೋರಿ (ಎಸ್‌ಎಪಿಯ ಹೊಸ ಮಾದರಿಯ ಪರದೆ) ಆ್ಯಪ್ ಅದಕ್ಕಿಂತ ಅನುಕೂಲ. ಎರಡನ್ನೂ ಅವರದೇ ಡೇಟಾದಲ್ಲಿ ತೆರೆದು ತೋರಿಸಿದೆ. ಝಡ್ ರಿಪೋರ್ಟ್ ಬೇಡ ಅಂತ ನಾನು ಹೇಳಬೇಕಾಗಲಿಲ್ಲ, ಅವರೇ ಹೇಳಿದರು.

ಎಲ್ಲ ಕಡೆ ಹೀಗೆ ಮುಗಿಯುವುದಿಲ್ಲ. ಕಾನೂನಿಗೋ ವ್ಯಾಪಾರದ ಜೀವಾಳಕ್ಕೋ ಸಂಬಂಧಿಸಿದ ಬೇಡಿಕೆ ಇದ್ದರೆ ಕಟ್ಟಿಕೊಡಲೇಬೇಕು. ಆಗ ಕ್ಲೀನ್ ಕೋರ್ ನಿಯಮ ನೆರವಿಗೆ ಬರುತ್ತದೆ: ಮೂಲ ಕೋಡ್ ಮುಟ್ಟಬೇಡಿ, ಎಸ್‌ಎಪಿ ಬಿಡುಗಡೆ ಮಾಡಿರುವ ಎಪಿಐಗಳ (ಬೇರೆ ಪ್ರೋಗ್ರಾಂಗಳು ಒಳಬರುವ ಬಾಗಿಲುಗಳ) ಮೂಲಕವೋ ಬಿಟಿಪಿ ಅನ್ನುವ ಅದರ ಕ್ಲೌಡ್ ವೇದಿಕೆಯಲ್ಲೋ ಹೊರಗಿನಿಂದ ಕಟ್ಟಿ. ಅಪ್‌ಗ್ರೇಡ್ ಅಂದರೆ ಹೆದರುತ್ತಿದ್ದ ತಂಡಗಳನ್ನು ಕಂಡಿರುವ ನನಗೆ ಈ ಶಿಸ್ತು ಪೂರ್ತಿ ಒಪ್ಪಿಗೆ.

ತರಬೇತಿಯ ವಿಚಾರದಲ್ಲಿ ನಾನು ಸ್ಲೈಡ್‌ಗಳನ್ನು ಆದಷ್ಟು ದೂರ ಇಟ್ಟಿದ್ದೇನೆ. ಟ್ರೈನಿಂಗ್ ಸಿಸ್ಟಂನಲ್ಲಿ ಕಲಿಯುವವರದೇ ಪ್ಲಾಂಟ್, ಅವರದೇ ಐಟಂ, ಅವರಿಗೆ ಗೊತ್ತಿರುವ ವೆಂಡರ್ ಇರಬೇಕು. ಬೇಕಂತಲೇ ಒಂದು ಅಡ್ಡಿಯನ್ನೂ ಇಟ್ಟಿರುತ್ತೇನೆ. ಉದಾಹರಣೆಗೆ ಕಳೆದ ತಿಂಗಳ ದಿನಾಂಕಕ್ಕೆ ಮಾಲು ತೆಗೆದುಕೊಳ್ಳಿ ಅನ್ನುತ್ತೇನೆ. ಅಲ್ಲಿ ಲೆಕ್ಕದ ಆ ಅವಧಿ ಮುಚ್ಚಿರುತ್ತದೆ, ಎಂ7053 ಅನ್ನುವ ಎರರ್ ಬರುತ್ತದೆ. ಎಲ್ಲರೂ ನನ್ನ ಮುಖ ನೋಡುತ್ತಾರೆ. ಆಗ ಎರರ್ ಮೇಲೆ ಎರಡು ಸಲ ಕ್ಲಿಕ್ ಮಾಡಿಸಿ, ಸಂದೇಶವನ್ನು ಗಟ್ಟಿಯಾಗಿ ಓದಿಸುತ್ತೇನೆ. ಯಾವ ಅವಧಿ ತೆರೆದಿದೆ ಅಂತ ಅದೇ ಸಂದೇಶದಲ್ಲಿ ಬರೆದಿರುತ್ತದೆ. ಎರರ್ ಓದಲು ಕಲಿತ ಬಳಕೆದಾರರು ಗೋ-ಲೈವ್ ಆದ ಮೇಲೆ, ಅಂದರೆ ಹೊಸ ಸಿಸ್ಟಂ ನಿಜವಾಗಿ ಶುರುವಾದ ಮೇಲೆ, ಪಕ್ಕದವರಿಗೂ ಹೇಳಿಕೊಡುತ್ತಾರೆ. ಅಂಥವರನ್ನು ಗುರುತಿಸಿ, ಕೊನೆಯ ತರಗತಿಗಳನ್ನು ಅವರಿಂದಲೇ ಮಾಡಿಸುತ್ತೇನೆ. ನಾನು ಹಿಂದಿನ ಸಾಲಿನಲ್ಲಿ ಕೂತಿರುತ್ತೇನೆ.

ಸರ್ಟಿಫಿಕೇಟ್ ಬೇಕಾ ಅಂತ ಜಾಸ್ತಿ ಜನ ಕೇಳುತ್ತಾರೆ. ಬೇಕು, ಇಂಟರ್‌ವ್ಯೂವರೆಗೆ ಕರೆದೊಯ್ಯಲು. ಎಸ್‌ಎಪಿಯ ಲರ್ನಿಂಗ್ ತಾಣದಲ್ಲಿ ಬಹಳಷ್ಟು ಪಾಠ ಉಚಿತವಾಗಿಯೇ ಸಿಗುತ್ತದೆ, ಅಲ್ಲಿಂದ ಶುರು ಮಾಡಿ.

2023ರಲ್ಲಿ ಎಸ್‌ಎಪಿಯದೇ ಜೂಲ್ ಅನ್ನುವ ಎಐ ಸಹಾಯಕವೂ ಬಂತು. ಯಾವ ಸೆಟ್ಟಿಂಗ್ ಎಲ್ಲಿದೆ ಅನ್ನುವಂಥ ಪ್ರಶ್ನೆಗಳಿಗೆ ಈಗ ಯಂತ್ರವೇ ಉತ್ತರಿಸುತ್ತದೆ. ಅದಕ್ಕೇ ನನ್ನ ತಂಡಕ್ಕೆ ಹೊಸಬರು ಬಂದರೆ ಮೊದಲು ಕಾನ್ಫಿಗರೇಶನ್ ಕೆಲಸ ಕೊಡುವುದಿಲ್ಲ. ವರ್ಕ್‌ಶಾಪ್‌ಗೆ ಕರೆದೊಯ್ದು ನೋಟ್ಸ್ ಬರೆಸುತ್ತೇನೆ. ಸ್ಟೋರ್ಸ್‌ನವರು ಹೇಳಿದ್ದೇನು, ಅಕೌಂಟ್ಸ್‌ನವರು ಹೇಳಿದ್ದೇನು, ಎರಡೂ ಎಲ್ಲಿ ಕೂಡಲಿಲ್ಲ ಅನ್ನುವುದನ್ನು ಅದರಲ್ಲಿ ಬರೆಯಬೇಕು. ಸಂಜೆ ಒಟ್ಟಿಗೆ ಕೂತು, ಕೂಡದ ಪ್ರತಿ ಜಾಗಕ್ಕೂ ಒಂದು ಪ್ರಶ್ನೆ ತಯಾರು ಮಾಡುತ್ತೇವೆ. ಮರುದಿನ ಆ ಪ್ರಶ್ನೆಗಳನ್ನು ಕೇಳುವವರು ಅವರೇ.