ಗೊತ್ತಿಲ್ಲದ ಆಫ್‌ರೋಡ್ ಜಾಗಕ್ಕೆ ಮಕ್ಕಳ ಜೊತೆ: ನಾನು ಮಾಡುವ ರೀತಿ

ಸರಿಯಾದ ರಸ್ತೆ ಇಲ್ಲದ ಕಡೆ ಮಕ್ಕಳು ಗಾಡಿಯಲ್ಲಿದ್ದಾಗ ನಾನು ನೋಡುವುದು ಒಂದೇ. ಇಲ್ಲಿಂದ ಮುಂದೆ ಹೋದರೆ ಇದೇ ದಾರಿಯಲ್ಲಿ ವಾಪಸ್ ಬರಲು ಆಗುತ್ತದಾ? ಇಳಿಜಾರು ಇಳಿಯುವುದು ಸುಲಭ, ಮಳೆ ಬಂದ ಮೇಲೆ ಅದನ್ನೇ ಹತ್ತಬೇಕು ಅಂದಾಗ ಗೊತ್ತಾಗುತ್ತದೆ ಕಷ್ಟ ಏನು ಅಂತ. ಅನುಮಾನ ಬಂದರೆ ಅಲ್ಲೇ ಗಾಡಿ ತಿರುಗಿಸುತ್ತೇನೆ.

ಹೋಗುವ ಮುಂಚೆ ಆ ಜಾಗಕ್ಕೆ ಗಾಡಿ ಬಿಡುತ್ತಾರಾ ಅಂತ ಕೇಳಿಕೊಳ್ಳುತ್ತೇನೆ. ಇತ್ತೀಚೆಗೆ ಹೋಗಿ ಬಂದವರು ಸಿಕ್ಕರೆ ಗಾಡಿ ತಿರುಗಿಸಲು ಎಲ್ಲಿ ಜಾಗ ಇದೆ, ನೀರು ದಾಟಬೇಕಾ, ಸಿಗ್ನಲ್ ಎಲ್ಲಿಯವರೆಗೆ ಸಿಗುತ್ತದೆ ಎಂದು ವಿಚಾರಿಸುತ್ತೇನೆ. ಜೊತೆಗೆ ಇನ್ನೊಂದು ಗಾಡಿ ಇಲ್ಲದಿದ್ದರೆ ಹೊಸ ಜಾಗಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುವುದೇ ಇಲ್ಲ.

ನಿಧಾನವಾಗಿ ಹೋಗುತ್ತೇವಲ್ಲ, ಸ್ವಲ್ಪ ಹೊತ್ತು ತೊಡೆ ಮೇಲೆ ಕೂರಿಸಿಕೊಂಡರೆ ಏನಾಗುತ್ತದೆ ಅಂತ ಬಹಳ ಜನ ಕೇಳುತ್ತಾರೆ. ನಾನು ಖಂಡಿತ ಒಪ್ಪುವುದಿಲ್ಲ. ಗಾಡಿ ಪಕ್ಕಕ್ಕೆ ಮಗುಚಲು ವೇಗ ಬೇಕಿಲ್ಲ, ಒಂದು ಚಕ್ರ ಗುಂಡಿಗೆ ಇಳಿದು ಇನ್ನೊಂದು ಕಲ್ಲಿನ ಮೇಲೆ ಹತ್ತಿದರೆ ಸಾಕಾಗಬಹುದು. ಸನ್‌ರೂಫ್‌ನಿಂದ ತಲೆ ಹೊರಗೆ ಹಾಕಿ ನಿಲ್ಲುವುದಂತೂ ಬೇಡವೇ ಬೇಡ. ಚೈಲ್ಡ್ ಸೀಟನ್ನು ಬೆಲ್ಟ್ ಹಾದುಹೋಗುವ ಕಡೆ ಹಿಡಿದು ಅಲ್ಲಾಡಿಸಿ ನೋಡುತ್ತೇನೆ, 2.5 ಸೆಂಟಿಮೀಟರ್‌ಗಿಂತ ಜಾಸ್ತಿ ಅಲ್ಲಾಡಬಾರದು. ಕುಲುಕಾಟದಲ್ಲಿ ಸಡಿಲವಾಗಿರಬಹುದು, ಅದಕ್ಕೆ ನಿಂತಾಗೆಲ್ಲ ಮತ್ತೆ ನೋಡುತ್ತೇನೆ. ಜ್ಯಾಕ್, ನೀರಿನ ಕ್ಯಾನ್, ಟೈರ್‌ಗೆ ಗಾಳಿ ತುಂಬುವ ಕಂಪ್ರೆಸರ್ ಎಲ್ಲವನ್ನೂ ಕಟ್ಟಿ ಇಡಬೇಕು. ಇಲ್ಲದಿದ್ದರೆ ಅವು ಹಾರಿ ಮಕ್ಕಳ ತಲೆಗೇ ಬಡಿಯುತ್ತವೆ.

ಕಷ್ಟದ ಜಾಗ ಬಂದರೆ ಮೊದಲು ನಡೆದು ನೋಡುತ್ತೇನೆ, ದೊಡ್ಡ ಮಗಳನ್ನೂ ಕರೆದುಕೊಂಡು. ಯಾವ ಕಲ್ಲಿನ ಮೇಲೆ ಚಕ್ರ ಹತ್ತಬೇಕು ಅಂತ ಅವಳನ್ನೇ ಕೇಳುತ್ತೇನೆ, ಬಹಳ ಸಲ ಸರಿಯಾಗೇ ಹೇಳುತ್ತಾಳೆ. ಹರಿಯುವ ನೀರು ಮಾತ್ರ ಮಕ್ಕಳಿದ್ದಾಗ ದಾಟುವುದಿಲ್ಲ. ಸುಮಾರು 30 ಸೆಂಟಿಮೀಟರ್ ನೀರಿಗೇ ಸಣ್ಣ ಕಾರು ತೇಲಬಹುದು, 60 ಸೆಂಟಿಮೀಟರ್ ಇದ್ದರೆ ದೊಡ್ಡ ಗಾಡಿಯನ್ನೂ ಎಳೆದುಕೊಂಡು ಹೋಗುತ್ತದೆ. ಇಳಿಜಾರಿನಲ್ಲಿ ಫೋರ್ ಲೋ (ನಾಲ್ಕೂ ಚಕ್ರ ನಿಧಾನವಾಗಿ, ಜಾಸ್ತಿ ಬಲದಿಂದ ತಿರುಗುವ ಗೇರ್) ಹಾಕಿ ಮೊದಲ ಗೇರ್‌ನಲ್ಲಿ ಇಂಜಿನ್ ಹಿಡಿತಕ್ಕೇ ಬಿಡುತ್ತೇನೆ. ಕುಲುಕಾಟವೂ ಕಮ್ಮಿ, ಮಕ್ಕಳಿಗೆ ಹೆದರಿಕೆಯೂ ಕಮ್ಮಿ. ಫೋನ್ ನೋಡಿದರೆ ವಾಂತಿ ಬರುತ್ತದೆ, ಹೊರಗೆ ದೂರಕ್ಕೆ ನೋಡಿ ಅನ್ನುತ್ತೇನೆ.

ಗಾಡಿ ಹೂತುಕೊಂಡರೆ ಆಗ ನಿಜವಾದ ಅಪಾಯ ಶುರು. ಇಂಜಿನ್ ಆಫ್ ಮಾಡಿ ಮೊದಲು ಮಕ್ಕಳನ್ನು ಇಳಿಸುತ್ತೇನೆ. ಸೈಲೆನ್ಸರ್ ಪೈಪ್ ಕೆಸರಲ್ಲೋ ಮರಳಲ್ಲೋ ಮುಚ್ಚಿಹೋಗಿದ್ದು ಇಂಜಿನ್ ಓಡುತ್ತಿದ್ದರೆ ಕಾರ್ಬನ್ ಮೊನಾಕ್ಸೈಡ್ ಒಳಗೆ ಬರಬಹುದು, ಅದಕ್ಕೆ ವಾಸನೆ ಇಲ್ಲ. ಎಳೆಯುವ ಹಗ್ಗ ಎಷ್ಟು ಉದ್ದ ಇದೆಯೋ ಅದರ ಒಂದೂವರೆ ಪಟ್ಟಿಗಿಂತ ದೂರ, ಪಕ್ಕಕ್ಕೆ, ಒಬ್ಬ ದೊಡ್ಡವರ ಜೊತೆ ಮಕ್ಕಳು ನಿಲ್ಲಬೇಕು. ಹಗ್ಗದ ನೇರಕ್ಕೆ ಯಾರೂ ಇರಬಾರದು. ಟೋ ಬಾಲ್‌ಗೆ (ಗಾಡಿಯ ಹಿಂದೆ ಟ್ರೇಲರ್ ಸಿಕ್ಕಿಸುವ ಕಬ್ಬಿಣದ ಉಂಡೆ) ಹಗ್ಗ ಕಟ್ಟಲು ನಾನು ಯಾರಿಗೂ ಬಿಡುವುದಿಲ್ಲ. ಅದು ಮುರಿದರೆ ಗುಂಡಿನ ಹಾಗೆ ಹಾರುತ್ತದೆ, ಹೀಗೆ ಜನ ಸತ್ತಿದ್ದಾರೆ. ರಿವರ್ಸ್ ತೆಗೆಯುವ ಮುಂಚೆ ಮಕ್ಕಳು ಎಲ್ಲಿದ್ದಾರೆ ಅಂತ ಕಣ್ಣಾರೆ ನೋಡಿಕೊಳ್ಳುತ್ತೇನೆ. ಮಿರರ್ ನಂಬುವುದಿಲ್ಲ.

ಕತ್ತಲಾಗುವುದಕ್ಕೆ ಬಹಳ ಮುಂಚೆಯೇ ವಾಪಸ್ ಹೊರಡುತ್ತೇವೆ, ದಾರಿ ಇನ್ನೂ ಬಾಕಿ ಇದ್ದರೂ ಸರಿ. ಮರಳಿಗಾಗಿ ಟೈರ್ ಗಾಳಿಯನ್ನು 18 ಪಿಎಸ್‌ಐಗೆ ಇಳಿಸಿದ್ದರೆ ಟಾರ್ ರಸ್ತೆ ಸಿಕ್ಕ ಕೂಡಲೇ ಮತ್ತೆ ತುಂಬಬೇಕು. ಕಮ್ಮಿ ಗಾಳಿಯಲ್ಲಿ ವೇಗವಾಗಿ ಓಡಿಸಿದರೆ ಟೈರ್ ಬಿಸಿಯಾಗಿ ಒಡೆಯಬಹುದು. ಗಾಳಿ ಅಳೆಯುವ ಗೇಜ್ ಓದುವುದು ಮಕ್ಕಳ ಕೆಲಸ, ಆ ಹೊತ್ತಿಗೆ ನಾನು ಸೀಟಿನ ಬೆಲ್ಟ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡುತ್ತೇನೆ.